ಓದಿದರೆ ಅಳಿಸಿಹೋಗುವ ಸಾಕ್ಷಿ

"ನಮ್ಮನೆ ಚಂಬು ಸುಳ್ಳು ಹೇಳಕಿಲ್ಲ ಕಣಪ್ಪ" ಎಂದು ಆ ಹೆಂಗಸು ಹೇಳಿದಾಗ ಬೆಳಗಿನ ಆರೂವರೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬಂದಿತ್ತು. ಬೆಂಗಳೂರಿನಿಂದ ಮಿಷನ್ ನೋಡಲು ಬಂದವನು ಎಂದು ನನ್ನನ್ನು ಪರಿಚಯಿಸಿದ್ದರು. ಆಕೆ ತನ್ನ ಸೆರಗಿನ ಗಂಟಿನಿಂದ ಮಡಚಿದ ಚೀಟಿಗಳ ಒಂದು ಕಂತೆ ತೆಗೆದಳು. ಪ್ರತಿ ಚೀಟಿಯ ಹಿಂದೆ ಶಾಲೆಗೆ ಹೋಗುವ ಮೊಮ್ಮಗಳ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇತ್ತು. ಮುಂದೆ 6.5, ಹಿಂದೆ ಆರು ಮುಕ್ಕಾಲು. ಎಲ್ಲ ದಿನವೂ ಹಾಗಿಲ್ಲ. ತಿಂಗಳಲ್ಲಿ ಮೂರು ದಿನ, ನಾಲ್ಕು ದಿನ. ಉಳಿದ ದಿನಗಳಲ್ಲಿ ಚಂಬಿನ ಲೆಕ್ಕವೂ ಮಿಷನ್ ಲೆಕ್ಕವೂ ಹೆಚ್ಚುಕಡಿಮೆ ಒಂದೇ.

"ಸೆಕ್ರೆಟ್ರಿ ಏನೋ ಒತ್ತುತಾನೆ" ಎಂದು ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬರು ಹೇಳಿದರು. ಕಿಟಕಿಯ ಆಚೆ ಕೂತಿದ್ದ ಕಾರ್ಯದರ್ಶಿ ತಲೆ ಎತ್ತಲಿಲ್ಲ. ಆ ಮಾತು ಕೇಳಿ ಕೇಳಿ ಅವರಿಗೆ ಅಭ್ಯಾಸವಾಗಿತ್ತು ಅನ್ನಿಸಿತು.

ನಾನು ಅಲ್ಲಿಗೆ ಹೋದದ್ದು ಅವರ ಪರವಾಗಿಯೂ ಅಲ್ಲ, ಆಕೆಯ ಪರವಾಗಿಯೂ ಅಲ್ಲ. ಆ ಪೆಟ್ಟಿಗೆಯೊಳಗಿನ ಚಿಪ್‌ಗೆ ಡ್ರೈವರ್ ಬರೆದವನು ನಾನು. ನಮ್ಮ ಬಳಿ ಇದ್ದ ದಾಖಲೆಯ ಪ್ರಕಾರ ಆ ಪೆಟ್ಟಿಗೆಯಲ್ಲಿ ಅದುವರೆಗೆ ಆದ ದೋಷಗಳ ಸಂಖ್ಯೆ ಸೊನ್ನೆ. ಆ ಸೊನ್ನೆಯನ್ನು ಬರೆದವನೂ ನಾನೇ.

ಇದನ್ನು ಅರ್ಥ ಮಾಡಿಸಲು ಸ್ವಲ್ಪ ನನ್ನ ಕೆಲಸದ ಒಳಗೆ ಕರೆದುಕೊಂಡು ಹೋಗಬೇಕು. ಸಾಹಿತ್ಯದ ಪತ್ರಿಕೆಯಲ್ಲಿ ಇದೇನು ಎನ್ನಬೇಡಿ. ಕೊನೆಗೆ ಇದು ಸಾಕ್ಷಿ ಹೇಳುವುದರ ವಿಚಾರವೇ.

ಕಂಪ್ಯೂಟರಿನ ಕರ್ನಲ್ ಅಂದರೆ ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಕ್ಕೂ ನಡುವೆ ಕೂತಿರುವ ಮೂಲ ವ್ಯವಸ್ಥೆ. ಅದರೊಳಗೆ ಒಂದೊಂದು ಬಿಡಿಭಾಗದ ಜೊತೆ ಮಾತಾಡಲು ಒಂದೊಂದು ಡ್ರೈವರ್ ಇರುತ್ತದೆ. ನನ್ನ ಪಾಲಿಗೆ ಬಂದದ್ದು ಸರಣಿ ಸಂವಹನದ ಭಾಗ. ಒಂದೇ ತಂತಿಯ ಮೇಲೆ ಬಿಟ್‌ಗಳು ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ಹೋಗುವ ವಿಧಾನ ಅದು. ಹಳೆಯದು, ಬಡವರದ್ದು ಎಂದು ನಮ್ಮವರೇ ಮೂಗು ಮುರಿಯುತ್ತಾರೆ. ಆದರೆ ಲಿನಕ್ಸ್ ಹುಟ್ಟಿದ್ದೇ ಇದರಿಂದ. 1991ರಲ್ಲಿ ಹೆಲ್ಸಿಂಕಿಯಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಮನೆಯಿಂದ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಮೋಡೆಮ್ ಮೂಲಕ ಮಾತಾಡಲು ಒಂದು ಸಣ್ಣ ಪ್ರೋಗ್ರಾಂ ಬರೆದ. ಒಂದು ಕೆಲಸ ಕೀಲಿಮಣೆಯಿಂದ ಓದಿ ಸೀರಿಯಲ್ ತಂತಿಗೆ ಹಾಕುವುದು, ಇನ್ನೊಂದು ತಂತಿಯಿಂದ ಬಂದದ್ದನ್ನು ಪರದೆಗೆ ಹಾಕುವುದು. ಅದೇ ಬೆಳೆದು ಬೆಳೆದು ಈಗ ಜಗತ್ತಿನ ಅರ್ಧ ಯಂತ್ರಗಳ ಒಳಗೆ ಕೂತಿದೆ.

ಈಗಿನ ಚಿಪ್‌ಗಳಲ್ಲಿ ಜಾಗಕ್ಕೆ ಬೆಲೆ. ಹಾಗಾಗಿ ತಯಾರಕರು ಮೂರು ಬೇರೆ ಬೇರೆ ಸರಣಿ ಭಾಷೆಗಳಿಗೆ ಮೂರು ಬೇರೆ ಯಂತ್ರಭಾಗ ಇಡುವ ಬದಲು ಒಂದೇ ಭಾಗವನ್ನು ಇಟ್ಟು, ಬೇಕಾದ ವೇಷ ಹಾಕಿಕೋ ಎನ್ನುತ್ತಾರೆ. ಅಟ್ಮೆಲ್ ಕಂಪನಿ ಇದನ್ನು ಫ್ಲೆಕ್ಸ್‌ಕಾಮ್ ಎಂದು ಕರೆಯಿತು. ಸ್ಯಾಮ್‌ಸಂಗ್‌ನವರದ್ದು ಯುಎಸ್‌ಐ, ಕ್ವಾಲ್ಕಾಮ್‌ನವರದ್ದು ಜೆನಿ. ಜೆನಿಯಲ್ಲಿ ಡ್ರೈವರ್ ಕೆಲಸ ಶುರು ಮಾಡುವ ಮೊದಲು "ನೀನು ಈಗ ಯಾವ ವೇಷದಲ್ಲಿದ್ದೀಯ?" ಎಂದು ಯಂತ್ರಭಾಗವನ್ನೇ ಕೇಳುತ್ತದೆ, ಉತ್ತರ ಬೇರೆ ಬಂದರೆ ಕೆಲಸ ಮಾಡುವುದಿಲ್ಲ ಎಂದು ಹಿಂದೆ ಸರಿಯುತ್ತದೆ. ನಾನು ಕೆಲಸ ಮಾಡಿದ ಚಿಪ್ ಈ ಮೂರರಲ್ಲಿ ಯಾವುದೂ ಅಲ್ಲ. ಅದರ ಹೆಸರು ಬೇಡ.

ಮೂರು ವೇಷಗಳ ಸ್ವಭಾವ ಬೇರೆ ಬೇರೆ. ಐ2ಸಿ ಎನ್ನುವುದನ್ನು ಫಿಲಿಪ್ಸ್ ಕಂಪನಿ 1982ರಲ್ಲಿ ತಂದಿತು. ಅದರಲ್ಲಿ ಒಂದೊಂದು ಬೈಟ್ ಹೇಳಿದ ಮೇಲೂ ಕೇಳುವವನು ಹೂಂಗುಟ್ಟಬೇಕು. ಅಜ್ಜಿ ಕಥೆ ಹೇಳುವಾಗ ನಾವು ಹೂಂ ಅನ್ನದಿದ್ದರೆ "ನಿದ್ದೆ ಬಂತೇನೋ" ಎಂದು ನಿಲ್ಲಿಸುತ್ತಿದ್ದಳಲ್ಲ, ಹಾಗೆ. ಎಸ್‌ಪಿಐಯಲ್ಲಿ ಒಬ್ಬನು ತಾಳ ಹಾಕುತ್ತಾನೆ, ಪ್ರತಿ ತಾಳಕ್ಕೂ ಒಂದು ಬಿಟ್ ಆಚೆ ಹೋಗುತ್ತದೆ, ಒಂದು ಈಚೆ ಬರುತ್ತದೆ. ಮೂರನೆಯದು ಯುಎಆರ್‌ಟಿ. ಇದಕ್ಕೆ ತಾಳದ ತಂತಿಯೂ ಇಲ್ಲ, ಹೂಂಗುಟ್ಟುವ ಪದ್ಧತಿಯೂ ಇಲ್ಲ. ಇಬ್ಬರೂ ಮೊದಲೇ ವೇಗ ಒಪ್ಪಿಕೊಂಡಿರುತ್ತಾರೆ, ಅಷ್ಟೇ. ಹೇಳುವವನು ಕೆರೆಯ ಆ ದಡದಿಂದ ಕೂಗಿ ಹೇಳಿಬಿಡುತ್ತಾನೆ. ಈ ದಡದವನಿಗೆ ಕೇಳಿಸಿತೋ ಇಲ್ಲವೋ ಕೂಗಿದವನಿಗೆ ಗೊತ್ತಾಗುವುದಿಲ್ಲ. ತೂಕದ ಯಂತ್ರಗಳು ಸಾಮಾನ್ಯವಾಗಿ ಮಾತಾಡುವುದು ಈ ಭಾಷೆಯಲ್ಲಿ.

ಕೇಳಿಸದೆ ಹೋದದ್ದು ಯಾರಿಗೆ ಗೊತ್ತಾಗುತ್ತದೆ? ಕೇಳಿಸಿಕೊಳ್ಳುವ ಚಿಪ್‌ಗೆ ಮಾತ್ರ. ಒಂದು ಅಕ್ಷರ ಬಂದು ಕೂತಿದೆ, ಅದನ್ನು ಯಾರೂ ಎತ್ತಿಕೊಳ್ಳುವ ಮೊದಲೇ ಇನ್ನೊಂದು ಬಂತು ಎಂದಾದರೆ ಚಿಪ್ ತನ್ನ ಸ್ಥಿತಿಯ ರಿಜಿಸ್ಟರಿನಲ್ಲಿ ಒಂದು ಬಿಟ್ ಎತ್ತಿ ಹಿಡಿಯುತ್ತದೆ. ಅದಕ್ಕೆ ಓವರ್‌ರನ್ ಎಂದು ಹೆಸರು. "ಇಲ್ಲಿ ಒಂದು ಅಕ್ಷರ ಹೋಯಿತು" ಎಂದು ಅರ್ಥ. ಯಾವ ಅಕ್ಷರ ಎಂದು ಹೇಳುವುದಿಲ್ಲ, ಹೋಯಿತು ಎಂದಷ್ಟೇ ಹೇಳುತ್ತದೆ.

ಈಗ ಮುಖ್ಯವಾದ ಮಾತು. 1981ರ ಐಬಿಎಂ ಪಿಸಿಯಲ್ಲಿ ಇದ್ದ 8250 ಎಂಬ ಸೀರಿಯಲ್ ಚಿಪ್‌ನ ಕಾಲದಿಂದಲೂ ಈ ರಿಜಿಸ್ಟರಿಗೆ ಒಂದು ಗುಣವಿದೆ. ಅದನ್ನು ಓದಿದ ತಕ್ಷಣ ಅದರೊಳಗಿನ ದೋಷದ ಬಿಟ್‌ಗಳು ಅಳಿಸಿಹೋಗುತ್ತವೆ. ನೋಡುವುದೇ ಅಳಿಸುವುದು. ಎರಡನೇ ಸಲ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಅದನ್ನು ಮೊದಲು ಓದಿದ ಡ್ರೈವರ್ ಒಂದೇ ಜಗತ್ತಿನಲ್ಲಿ ಆ ಘಟನೆಗೆ ಸಾಕ್ಷಿ. ಅದು ಎಲ್ಲಾದರೂ ಬರೆದಿಟ್ಟರೆ ಉಂಟು, ಇಲ್ಲವಾದರೆ ಆ ಅಕ್ಷರ ಕಳೆದೇ ಇಲ್ಲ.

ಇದು ಗೊತ್ತಿಲ್ಲದ ವಿಷಯವಲ್ಲ. ಲಿನಕ್ಸ್‌ನ 8250 ಡ್ರೈವರಿನಲ್ಲಿ, ಬೇರೆ ಯಾವುದೋ ಕಾರಣಕ್ಕೆ ಆ ರಿಜಿಸ್ಟರನ್ನು ಓದಬೇಕಾಗಿ ಬಂದರೆ ಸಿಕ್ಕ ದೋಷದ ಬಿಟ್‌ಗಳನ್ನು ಪಕ್ಕಕ್ಕೆ ಎತ್ತಿಡಲು ಒಂದು ಪುಟ್ಟ ಜಾಗವೇ ಇದೆ. ನಮಗಿಂತ ಮುಂಚಿನವರು ಆ ಗುಂಡಿಗೆ ಬಿದ್ದು, ಎದ್ದು, ಮುಳ್ಳು ಹಾಕಿ ಹೋಗಿದ್ದಾರೆ. ನಾನು ಆ ಕೋಡನ್ನು ಓದಿದ್ದೆ.

ನನ್ನ ಡ್ರೈವರಿನಲ್ಲಿ ಎರಡು ಕಡೆ ಆ ರಿಜಿಸ್ಟರನ್ನು ಓದುತ್ತಿದ್ದೆ. ಒಂದು, ಅಕ್ಷರ ಬಂದಾಗ. ಅಲ್ಲಿ ದೋಷಗಳನ್ನು ಎಣಿಸುತ್ತಿದ್ದೆ. ಇನ್ನೊಂದು, ಕಳಿಸಲು ಜಾಗ ಖಾಲಿಯಿದೆಯೇ ಎಂದು ನೋಡುವಲ್ಲಿ. ಅಲ್ಲಿ ನನಗೆ ಬೇಕಿದ್ದದ್ದು ಒಂದೇ ಬಿಟ್, ಉಳಿದದ್ದನ್ನು ಚೆಲ್ಲುತ್ತಿದ್ದೆ. ಆ ಸಾಲಿನ ಮೇಲೆ ನನ್ನದೇ ಟಿಪ್ಪಣಿ ಇತ್ತು: ದೋಷದ ಬಿಟ್‌ಗಳನ್ನು ಉಳಿಸಬೇಕು, ಆಮೇಲೆ ಮಾಡುವುದು. ಆಮೇಲೆ ಎನ್ನುವುದು ನಮ್ಮ ಉದ್ಯೋಗದಲ್ಲಿ ಬಹಳ ದೊಡ್ಡ ಊರು. ಅಲ್ಲಿಗೆ ಹೋದವರು ವಾಪಸು ಬರುವುದು ಕಡಿಮೆ.

ಅಷ್ಟೇ ಆಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಇನ್ನೊಂದು ಕಥೆ ಇದೆ. ಆ ಬಹುವೇಷದ ಭಾಗದಲ್ಲಿ ಬಂದ ಅಕ್ಷರಗಳು ಸಾಲಾಗಿ ಕಾಯಲು ಒಂದು ಪುಟ್ಟ ಕಾಯುವ ಕೋಣೆ ಇತ್ತು. ಮೂರು ವೇಷಕ್ಕೂ ಒಂದೇ ಕೋಣೆ. ಪೆಟ್ಟಿಗೆ ಶುರುವಾಗುವಾಗ ಬೂಟ್‌ಲೋಡರ್ ಅದನ್ನು ಐ2ಸಿ ವೇಷದಲ್ಲಿ ಬಳಸಿ ಮೆಮೊರಿ ಚಿಪ್ ಒಂದನ್ನು ಓದುತ್ತಿತ್ತು. ಆಮೇಲೆ ಕರ್ನಲ್ ಬಂದು ವೇಷ ಬದಲಿಸಿ ಯುಎಆರ್‌ಟಿ ಮಾಡುತ್ತಿತ್ತು. ವೇಷ ಬದಲಾದರೂ ಕೋಣೆಯಲ್ಲಿ ಹಿಂದಿನ ಪಾತ್ರದ ಬಣ್ಣ ಉಳಿದಿರುತ್ತಿತ್ತು. ಮ್ಯಾನುಯಲ್ ಪ್ರಕಾರ ಒಂದು ಬಿಟ್ ಬರೆದರೆ ಕೋಣೆ ಪೂರ್ತಿ ಖಾಲಿ. ಹಾಗೆ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಯಂತ್ರ ಸ್ತಬ್ಧವಾಗಿ ನಿಂತುಬಿಡುತ್ತಿತ್ತು.

ಎರಡು ವಾರ ಒದ್ದಾಡಿದೆ. ಚಿಪ್ ಮಾಡಿದವರಿಗೆ ಬರೆದೆ. ತಯಾರಕರು ತಮ್ಮ ಚಿಪ್‌ನ ತಪ್ಪುಗಳನ್ನು ಪಟ್ಟಿ ಮಾಡಿ ಕೊಡುವ ಒಂದು ಕಾಗದವಿರುತ್ತದೆ. ನಮ್ಮ ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂದು ಅಚ್ಚು ಹಾಕುತ್ತಿದ್ದರಲ್ಲ, ಅದೇ. ಆ ಮಾತು ನನಗೆ ಇಷ್ಟ. ತಪ್ಪಿನ ಪಟ್ಟಿಗೆ ಕನ್ನಡದವರು ಒಪ್ಪಿನ ಹೆಸರು ಇಟ್ಟರು. ತಪ್ಪೊಪ್ಪಿಗೆಯಲ್ಲಿಯೂ ಅದೇ ಒಪ್ಪು. ಈ ಚಿಪ್‌ನ ಒಪ್ಪೋಲೆಯಲ್ಲಿ ನನ್ನ ಸಮಸ್ಯೆ ಇರಲಿಲ್ಲ. ಚಿಪ್‌ಗಳು ತಪ್ಪುವುದೇ ಇಲ್ಲ ಎಂದಲ್ಲ. 8250ರ ನಂತರ ಬಂದ 16550ರಲ್ಲಿ ಇಂಥದೇ ಕಾಯುವ ಕೋಣೆ ಮೊದಲ ಸಲ ಕೊಟ್ಟರು, ಅದು ಸರಿಯಾಗಿ ಕೆಲಸ ಮಾಡಲಿಲ್ಲ, ಆಮೇಲೆ ತಿದ್ದಿ 16550ಎ ಎಂದು ಹೊರತಂದರು. ಹದಿನಾರು ಅಕ್ಷರಗಳ ಆ ಕೋಣೆಗಾಗಿ ಹೆಸರಿಗೆ ಒಂದು 'ಎ' ಸೇರಿಸಬೇಕಾಯಿತು. ಅಷ್ಟು ಪ್ರಾಮಾಣಿಕತೆ ನನ್ನ ಚಿಪ್‌ನವರಲ್ಲಿ ನನಗೆ ಸಿಗಲಿಲ್ಲ. ಅಥವಾ ನಾನು ಸರಿಯಾಗಿ ಕೇಳಲಿಲ್ಲವೇನೋ.

ಕೊನೆಗೆ ನಾನು ಕಾಯುವ ಕೋಣೆಗೆ ಬೀಗ ಹಾಕಿಬಿಟ್ಟೆ. ಒಂದು ಸಲಕ್ಕೆ ಒಂದೇ ಅಕ್ಷರ, ಬಾಗಿಲಲ್ಲೇ ಬಂದು ನಿಲ್ಲಲಿ, ಬಂದ ಹಾಗೆ ಎತ್ತಿಕೊಳ್ಳುತ್ತೇನೆ ಎಂದುಕೊಂಡೆ. ಯಂತ್ರ ನಿಲ್ಲುವುದು ನಿಂತಿತು. ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ. ಕೆಲಸ ಮಾಡಿತು, ಅಷ್ಟೇ. ಕೆಲಸ ಮಾಡಿತು ಎನ್ನುವುದಕ್ಕೂ ಅರ್ಥವಾಯಿತು ಎನ್ನುವುದಕ್ಕೂ ಇರುವ ದೂರವನ್ನು ದಿನಾಂಕದ ಒತ್ತಡದಲ್ಲಿ ಯಾರೂ ಅಳೆಯುವುದಿಲ್ಲ. ಕೆಳಗೆ 'ಸೈನ್ಡ್-ಆಫ್-ಬೈ' ಎಂದು ನನ್ನ ಹೆಸರು ಹಾಕಿದೆ.

ಆ ಸಾಲಿನ ಬಗ್ಗೆ ಒಂದು ಮಾತು. ಲಿನಕ್ಸ್‌ಗೆ ಕೋಡ್ ಕೊಡುವವರೆಲ್ಲ ಹೀಗೆ ಹೆಸರು ಹಾಕುವ ಪದ್ಧತಿ ಬಂದದ್ದು 2004ರಲ್ಲಿ. ಎಸ್‌ಸಿಒ ಎಂಬ ಕಂಪನಿ ಹಿಂದಿನ ವರ್ಷ ಐಬಿಎಂ ಮೇಲೆ ಕೋಡಿನ ಒಡೆತನದ ವಿಚಾರವಾಗಿ ಮೊಕದ್ದಮೆ ಹೂಡಿತ್ತು. ಹಾಗಾಗಿ ಆ ಸಹಿಯ ಅರ್ಥ, ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು. ಈ ಕೋಡ್ ಸರಿಯಾಗಿದೆ ಎಂದು ಅಲ್ಲ. ಪರವಾನಗಿಯಲ್ಲಂತೂ ಯಾವ ಖಾತರಿಯೂ ಇಲ್ಲ ಎಂದು ಸ್ಪಷ್ಟವಾಗಿಯೇ ಇದೆ. ಕಾನೂನಿನ ಪ್ರಕಾರ ನಾನು ಯಾರಿಗೂ ಏನೂ ಬಾಕಿ ಇಲ್ಲ. ಇದನ್ನು ಬಹಳ ದಿನ ನಾನೇ ನನಗೆ ಹೇಳಿಕೊಂಡೆ.

ಡೇರಿಯಲ್ಲಿ ನಡೆದದ್ದು ಹೀಗೆ. ತೂಕದ ಯಂತ್ರ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತಾಡುತ್ತಿತ್ತು. ಆ ವೇಗದಲ್ಲಿ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು ಸಮಯ. ಕಾಯುವ ಕೋಣೆ ತೆರೆದಿದ್ದರೆ ಹತ್ತು ಮಿಲಿಸೆಕೆಂಡ್ ತಡವಾದರೂ ಏನೂ ಆಗುತ್ತಿರಲಿಲ್ಲ. ಬೀಗ ಹಾಕಿದ್ದರಿಂದ ಒಂದು ಮಿಲಿಸೆಕೆಂಡಿನೊಳಗೆ ಎತ್ತಿಕೊಳ್ಳಲೇಬೇಕು. ಅದೇ ಪೆಟ್ಟಿಗೆಯಲ್ಲಿ ರೈತರಿಗೆ ಕಾಣುವ ಕೆಂಪು ಅಂಕಿಗಳ ಫಲಕ ಎಸ್‌ಪಿಐ ವೇಷದ ಇನ್ನೊಂದು ಭಾಗಕ್ಕೆ ಜೋಡಿಸಿತ್ತು. ಅದನ್ನು ಬರೆದ ಸಹೋದ್ಯೋಗಿ ಫಲಕ ಮಿನುಗಬಾರದು ಎಂದು, ಅಂಕಿ ಬದಲಿಸುವಾಗ ಒಂದೂವರೆ ಮಿಲಿಸೆಕೆಂಡ್ ಮಟ್ಟಿಗೆ ಉಳಿದೆಲ್ಲರ ಬಾಯಿ ಮುಚ್ಚಿಸುತ್ತಿದ್ದ. ಅವನ ದೃಷ್ಟಿಯಿಂದ ಅದು ಒಳ್ಳೆಯ ಕೆಲಸವೇ. ಒಬ್ಬರ ಹಾಲಿನ ಅಂಕಿ ಫಲಕಕ್ಕೆ ಹೋಗುವ ಹೊತ್ತಿಗೇ ಮುಂದಿನವರ ತೂಕ ಬಂದರೆ ನಡುವೆ ಒಂದು ಅಕ್ಷರ ಬೀಳುತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ ಮಾತ್ರ ಹಾಗಾಗುವುದು. ನಮ್ಮ ಪ್ರಯೋಗಾಲಯದಲ್ಲಿ ಯಾರೂ ಸಾಲು ನಿಲ್ಲುವುದಿಲ್ಲ.

006.75 ಎಂಬ ಸಾಲಿನಿಂದ ಒಂದು ಅಕ್ಷರ ಬಿದ್ದರೆ ಏನಾಗುತ್ತದೆ ನೋಡಿ. ಮೊದಲಿನ ಸೊನ್ನೆ ಬಿದ್ದರೆ ಏನೂ ಆಗುವುದಿಲ್ಲ. ಚುಕ್ಕೆ ಬಿದ್ದರೆ 675 ಕಿಲೋ ಹಾಲು. ತಂತ್ರಾಂಶ ಅದನ್ನು ಒಪ್ಪದೆ ಮತ್ತೆ ಕೇಳುತ್ತದೆ. ಆರು ಬಿದ್ದರೆ ಮುಕ್ಕಾಲು ಕಿಲೋ, ಅಲ್ಲೇ ಕೂಗಾಟವಾಗುತ್ತದೆ. ಏಳು ಬಿದ್ದರೆ ಮಾತ್ರ 6.5. ಯಾರಿಗೂ ಅನುಮಾನ ಬರದ ಸಂಖ್ಯೆ. ಕಾಲು ಕಿಲೋ ಹಾಲು, ಏಳೆಂಟು ರೂಪಾಯಿ. ಎರಡು ಹಸುವಿನ ಮನೆಯಲ್ಲಿ ಅದು ಸಣ್ಣದಲ್ಲ, ಆದರೆ ಜಗಳ ತೆಗೆಯುವಷ್ಟು ದೊಡ್ಡದೂ ಅಲ್ಲ. ಸುಳ್ಳುಗಳಲ್ಲಿ ಬಾಳಿಕೆ ಬರುವುದು ಇಂಥವೇ.

ಇನ್ನೊಂದು ವಿಚಿತ್ರ. 6.28ರಲ್ಲಿ ಎರಡು ಬಿದ್ದರೆ 6.8 ಆಗುತ್ತದೆ. ಅರ್ಧ ಕಿಲೋ ಹೆಚ್ಚು. ಅಂದರೆ ಕೆಲವರಿಗೆ ಬಂದಿದೆ, ಕೆಲವರಿಗೆ ಹೋಗಿದೆ. ಹೆಚ್ಚು ಬಂದವರು ಯಾರೂ ದೂರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಚಂಬಿನಲ್ಲಿ ಅಳೆದು ತಂದಿರಲಿಕ್ಕಿಲ್ಲ. ಆದರೆ ಊರಿನ ಕಣ್ಣಿಗೆ ಇದು ಬೇರೆಯೇ ರೀತಿ ಕಂಡಿತು: ಸೆಕ್ರೆಟ್ರಿ ತನ್ನ ಕೇರಿಯವರಿಗೆ ಹೆಚ್ಚು ಬರೆಯುತ್ತಾನೆ, ಬೇರೆಯವರದ್ದು ಕಡಿಮೆ ಮಾಡುತ್ತಾನೆ.

ಆ ಮನುಷ್ಯ ಸುಮ್ಮನೆ ಕೂತಿರಲಿಲ್ಲ. ತೂಕದ ಯಂತ್ರದ ಮೇಲಿನ ಅಂಕಿಯೂ ಚೀಟಿಯ ಅಂಕಿಯೂ ಬೇರೆ ಬಂದದ್ದನ್ನು ಎರಡು ಸಲ ಸ್ವತಃ ನೋಡಿ, ಪೆಟ್ಟಿಗೆ ಮಾರಿದವರಿಗೆ ಫೋನ್ ಮಾಡಿದ್ದರು. ಅಲ್ಲಿಂದ ಒಬ್ಬ ಹುಡುಗ ಬಂದು ಲಾಗ್ ತೆಗೆದು ನೋಡಿ, ಆಡಳಿತ ಮಂಡಳಿಯ ಎದುರಿಗೇ "ಮಿಷನ್ನಲ್ಲಿ ಒಂದೇ ಒಂದು ಎರರ್ ಇಲ್ಲ ಸಾರ್" ಎಂದು ಹೇಳಿ ಹೋದ. ಅವನು ಸುಳ್ಳು ಹೇಳಲಿಲ್ಲ. ಲಾಗ್‌ನಲ್ಲಿ ಇದ್ದದ್ದನ್ನು ಓದಿದ. ಮಿಷನ್ ತಪ್ಪಿಲ್ಲ ಎಂದ ಮೇಲೆ ಉಳಿಯುವುದು ಮನುಷ್ಯ. ಆ ಸಂಜೆಯಿಂದ ಅವರು ಕಳ್ಳ ಎಂದಾಯಿತು.

ಇದು ನಮ್ಮ ಒಂದು ಹಳ್ಳಿಯ ಕಥೆ ಮಾತ್ರ ಎಂದುಕೊಳ್ಳುವ ಹಾಗಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಹಾಕಿತು. ಲೆಕ್ಕದಲ್ಲಿ ಹಣ ಕಡಿಮೆ ಬರತೊಡಗಿತು. ಶಾಖೆ ನಡೆಸುತ್ತಿದ್ದವರು ಕದ್ದಿದ್ದಾರೆ ಎಂದು 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಮನೆ ಮಾರಿ ಹಣ ಕಟ್ಟಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ, ಪ್ರಾಣ ಕಳೆದುಕೊಂಡವರಿದ್ದಾರೆ. ಅವರಲ್ಲಿ ನಮ್ಮ ದೇಶದ ಮೂಲದವರೂ ಇದ್ದರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. 2024ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿಯೇ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಮೊದಲು ಸಾಬೀತು ಮಾಡಬೇಕು ಎಂಬ ನಿಯಮವನ್ನು ಆ ದೇಶ ತೆಗೆದುಹಾಕಿದ್ದು ಕೂಡ 1999ರ ಕಾಯಿದೆಯಲ್ಲೇ. ಯಂತ್ರ ಸರಿ ಎಂದೇ ನಂಬುವುದು, ತಪ್ಪು ಎನ್ನುವವನು ತೋರಿಸಲಿ. ಅಂಚೆ ಶಾಖೆಯ ಕಿಟಕಿಯ ಹಿಂದೆ ಕೂತ ಒಬ್ಬ ಹೆಂಗಸು ಲಕ್ಷಾಂತರ ಸಾಲಿನ ಕೋಡಿನೊಳಗೆ ತಪ್ಪನ್ನು ಹೇಗೆ ತೋರಿಸಬೇಕು?

ನಮ್ಮಲ್ಲಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮು ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತು ಎನ್ನುವುದನ್ನು ಒಂದು ಷರತ್ತಾಗಿ ಇಟ್ಟಿತ್ತು. ಒಳ್ಳೆಯದೇ. ಆದರೆ ಆ ಪತ್ರಕ್ಕೆ ಸಹಿ ಹಾಕುವವನು ಕೊನೆಗೆ ನೋಡುವುದು ಲಾಗನ್ನು. ಲಾಗ್ ನೋಡುವುದು ಡ್ರೈವರನ್ನು. ಡ್ರೈವರಿನಲ್ಲಿ ನನ್ನಂಥವನು ಬರೆದ "ಆಮೇಲೆ" ಎಂಬ ಟಿಪ್ಪಣಿ ಇರುತ್ತದೆ.

ಹಾಗಾದರೆ ನನ್ನ ತಪ್ಪು ನಿಖರವಾಗಿ ಯಾವುದು? ಇದನ್ನು ಬಹಳ ಸಲ ಬಿಡಿಸಿ ನೋಡಿದ್ದೇನೆ. ಕಾಯುವ ಕೋಣೆಗೆ ಬೀಗ ಹಾಕಿದ್ದು ತಪ್ಪೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅರ್ಥವಾಗದ್ದನ್ನು ಸುತ್ತು ಹಾಕಿ ಹೋಗದೆ ಯಾವ ಎಂಜಿನಿಯರೂ ಬದುಕಲಾರ. ಸಹೋದ್ಯೋಗಿಯ ಒಂದೂವರೆ ಮಿಲಿಸೆಕೆಂಡು? ಅವನಿಗೆ ನನ್ನ ಬೀಗದ ವಿಷಯ ಗೊತ್ತೇ ಇರಲಿಲ್ಲ. ಅಕ್ಷರ ಬೀಳುವುದು ಕೂಡ ಅಪರಾಧವಲ್ಲ, ಜಗತ್ತಿನಲ್ಲಿ ಅಕ್ಷರಗಳು ಬೀಳುತ್ತವೆ. ಬಿದ್ದಿತು ಎಂದು ಚಿಪ್ ಕೈ ಎತ್ತಿ ಹೇಳಿದ್ದನ್ನು ನಾನು ನೋಡಿ, ಚೆಲ್ಲಿದೆನಲ್ಲ, ಅದು. ಅದಕ್ಕಿಂತ ಹೆಚ್ಚಾಗಿ, ಚೆಲ್ಲಿದ ಮೇಲೂ ಆ ಎಣಿಕೆಯ ಜಾಗದಲ್ಲಿ ಸೊನ್ನೆ ಎಂದು ಇಟ್ಟದ್ದು. ಸೊನ್ನೆ ಎಂದರೆ "ಎಣಿಸಿದೆ, ಏನೂ ಸಿಗಲಿಲ್ಲ" ಎಂದು. ನನ್ನ ಸೊನ್ನೆಯ ನಿಜವಾದ ಅರ್ಥ "ನಾನು ಎಣಿಸಲಿಲ್ಲ" ಎಂದು. ಓದುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ಹೇಳಿದರೆ ಈ ಪ್ರಸಂಗಕ್ಕೆ ಅತಿಯಾಗಿ ಹೊಂದುತ್ತದೆ, ಬಿಡಿ.

ನಮ್ಮ ದರ್ಶನಗಳಲ್ಲಿ ಸಾಕ್ಷಿಯ ಬಗ್ಗೆ ಬಹಳ ಚರ್ಚೆ ಇದೆ. ಅದ್ವೈತದವರ ಸಾಕ್ಷಿ ನೋಡುತ್ತದೆ, ಅಂಟಿಕೊಳ್ಳುವುದಿಲ್ಲ. ಮರದ ಮೇಲಿನ ಎರಡು ಹಕ್ಕಿಗಳಲ್ಲಿ ಹಣ್ಣು ತಿನ್ನದೆ ಸುಮ್ಮನೆ ನೋಡುವ ಹಕ್ಕಿಯನ್ನು ಅವರು ಉದಾಹರಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರಿಗೆ ಸಾಕ್ಷಿ ಅಷ್ಟು ನಿರ್ಲಿಪ್ತವಲ್ಲ. ಬಂದ ಜ್ಞಾನ ಸರಿಯೋ ತಪ್ಪೋ ಎಂದು ಕೊನೆಗೆ ನಿರ್ಣಯಿಸುವುದೇ ಸಾಕ್ಷಿ, ಅದು ತಪ್ಪುವುದಿಲ್ಲ. ನಾನು ಇವುಗಳಲ್ಲಿ ಪಂಡಿತನಲ್ಲ, ಅಪ್ಪನ ಪುಸ್ತಕದ ಕಪಾಟಿನಿಂದ ಎತ್ತಿಕೊಂಡು ಓದಿದಷ್ಟು. ಆದರೆ ಓದುವಾಗೆಲ್ಲ ಒಂದು ಯೋಚನೆ ಬರುತ್ತಿತ್ತು. ಇವರಿಬ್ಬರ ಸಾಕ್ಷಿಯೂ ನೋಡಿದರೆ ನೋಡಿದ್ದು ಹಾಗೇ ಉಳಿದಿರುತ್ತದೆ. ನೋಡಿದ ಕೂಡಲೇ ಅಳಿಸಿಹೋಗುವ ವಸ್ತುವಿನ ಎದುರು ನಿಂತ ಸಾಕ್ಷಿಗೆ ನಿರ್ಲಿಪ್ತನಾಗಿರುವ ಅವಕಾಶವೇ ಇಲ್ಲ. ಅವನು ಸುಮ್ಮನಿದ್ದರೆ ಅದೇ ಒಂದು ಕೃತ್ಯ. ನಮ್ಮೂರಿನ ನ್ಯಾಯಪಂಚಾಯ್ತಿಯ ಸಾಕ್ಷಿ ಇದಕ್ಕೆ ಹತ್ತಿರ. ನೋಡಿದವನೊಬ್ಬನೇ, ಅವನು ಬಂದು ಬಾಯಿ ಬಿಡದಿದ್ದರೆ ಹೊಲದ ಬದು ಆ ಕಡೆ ಸರಿದದ್ದು ಸರಿದೇ ಹೋಯಿತು.

ಡೇರಿಯಿಂದ ವಾಪಸು ಬಂದ ಮೇಲೆ ದೋಷ ಹುಡುಕಲು ನಾಲ್ಕು ದಿನ ಹಿಡಿಯಿತು, ತಿದ್ದಲು ಅರ್ಧ ದಿನ. ದೋಷದ ಬಿಟ್‌ಗಳನ್ನು ಎತ್ತಿಟ್ಟೆ, ಎಣಿಕೆ ಸರಿ ಮಾಡಿದೆ. ವೇಷ ಬದಲಿಸುವ ಮೊದಲು ಹಳೆಯ ವೇಷದಲ್ಲಿಯೇ ಕೋಣೆ ಖಾಲಿ ಮಾಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂಬುದೂ ಆಗಲೇ ತಿಳಿಯಿತು. ಆ ಎರಡು ವಾರಗಳಲ್ಲಿ ಹೊಳೆಯದಿದ್ದದ್ದು ಕಾರ್ಯದರ್ಶಿಯ ಮುಖ ನೋಡಿ ಬಂದ ಮೇಲೆ ಹೊಳೆಯಿತು. ತಿದ್ದುಪಡಿಯ ವಿವರಣೆಯಲ್ಲಿ ಎಲ್ಲವನ್ನೂ ಉದ್ದಕ್ಕೆ ಬರೆದೆ. ಯಾವ ಸ್ಥಿತಿಯಲ್ಲಿ ಅಕ್ಷರ ಬೀಳುತ್ತಿತ್ತು, ಯಾಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ, ತಪ್ಪು ಯಾವ ತಿದ್ದುಪಡಿಯಿಂದ ಬಂತು, ಅದನ್ನು ಯಾರು ಬರೆದರು. ಕರ್ನಲ್ ಜನರಲ್ಲಿ ಇದೊಂದು ಒಳ್ಳೆಯ ಪದ್ಧತಿ. ತಿದ್ದುವವನು ಯಾವ ತಪ್ಪನ್ನು ತಿದ್ದುತ್ತಿದ್ದೇನೆಂದು ಬೆರಳಿಟ್ಟು ತೋರಿಸಬೇಕು.

ಗ್ರಾಹಕರಿಗೆ ಹೋದ ಕಾಗದದಲ್ಲಿ ಇದೆಲ್ಲ ಒಂದು ಸಾಲಾಯಿತು: ಸ್ಥಿರತೆಯಲ್ಲಿ ಸುಧಾರಣೆ. ನಾನು ಆಕ್ಷೇಪಿಸಿದೆ. ಮ್ಯಾನೇಜರ್ ಕೆಟ್ಟವರಲ್ಲ. "ಸರಿ ಮಾಡಿದ್ದೀಯಲ್ಲ, ಇನ್ನು ಮುಂದೆ ಯಾರಿಗೂ ತೊಂದರೆ ಇಲ್ಲ. ಹಿಂದಿನದನ್ನು ಕೆದಕಿದರೆ ಯಾರಿಗೆ ಏನು ಲಾಭ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಮುಂದಿನದ್ದು ಸರಿಯಾದರೆ ಹಿಂದಿನದ್ದು ತಾನಾಗಿ ಸರಿಯಾಗುತ್ತದೆಯೇ? ಯಂತ್ರದ ಮಟ್ಟಿಗೆ ಹೌದು. ಅದಕ್ಕೆ ನಿನ್ನೆ ಇಲ್ಲ. ಆದರೆ ಆ ಊರಿನಲ್ಲಿ ಪೆಟ್ಟಿಗೆ ಹೊಸ ತಂತ್ರಾಂಶ ಹಾಕಿಕೊಂಡ ದಿನದಿಂದ ಲೆಕ್ಕ ಸರಿಯಾಗಿ ಬರತೊಡಗಿತು. ಅದರಿಂದ ಜನ ತೆಗೆದ ತೀರ್ಮಾನ ಏನು ಗೊತ್ತೆ? "ಬೆಂಗಳೂರಿನವರು ಬಂದು ನೋಡಿದ ಮೇಲೆ ಹೆದರಿ ನಿಲ್ಲಿಸಿದ." ನನ್ನ ತಿದ್ದುಪಡಿ ಅವರ ಮೇಲಿನ ಆರೋಪಕ್ಕೆ ಕೊನೆಯ ಪುರಾವೆಯಾಯಿತು. ಇದನ್ನು ಅವರೇ ಫೋನಿನಲ್ಲಿ ಹೇಳಿದರು. ದೂರಲಿಲ್ಲ. "ಲೆಕ್ಕ ಸರಿ ಬತ್ತಾ ಐತೆ ಸಾರ್, ನಿಮಗೆ ಹೇಳೋಣ ಅಂತ" ಎಂದು ಶುರು ಮಾಡಿ, ಕೊನೆಯಲ್ಲಿ ಹೀಗೆ ಎಂದರು.

ಒಂದು ಭಾನುವಾರ ಹೋದೆ. ಕಂಪನಿಗೆ ಹೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಗೌಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದೇನೆ, ಅದು ನೆನಪಿತ್ತು. ಎರಡು ಹಾಳೆಯಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದನ್ನ ಸಂಜೆ ಹಾಲಿಗೆ ಬಂದಾಗ ಎಲ್ಲಾರ ಮುಂದೆ ಓದ್ತೀರಾ ಸಾರ್?" ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಹಾಳೆಗಳನ್ನು ಅವರ ಕೈಗೆ ಕೊಟ್ಟು ಆರು ಗಂಟೆಯ ಬಸ್ ಹಿಡಿಯುವುದು.

ಸಂಜೆ ಡೇರಿಯ ಜಗಲಿಯ ಮೇಲೆ ನಿಂತು ಓದಿದೆ. ಓವರ್‌ರನ್, ರಿಜಿಸ್ಟರ್ ಎಲ್ಲ ಬಿಟ್ಟು, 'ಏಳು' ಎಂಬ ಅಂಕಿ ದಾರಿಯಲ್ಲಿ ಬಿದ್ದುಹೋಗುತ್ತಿತ್ತು, ಬಿದ್ದದ್ದು ನನಗೆ ತಿಳಿಯುವ ಹಾಗಿತ್ತು, ನಾನು ಬರೆದಿಡಲಿಲ್ಲ ಎಂದು ಹೇಳಿದೆ. ಮಧ್ಯದಲ್ಲಿ ಒಬ್ಬರು "ಅಂದ್ರೆ ಸೆಕ್ರೆಟ್ರಿದು ತಪ್ಪಿಲ್ಲ ಅಂತೀರಾ?" ಎಂದರು. ಇಲ್ಲ ಎಂದೆ. "ನಿಮ್ಗೆ ಎಷ್ಟು ಕೊಟ್ಟ?" ಎಂದು ಹಿಂದಿನಿಂದ ಯಾರೋ ಕೇಳಿದರು, ಕೆಲವರು ನಕ್ಕರು. ಕಾರ್ಯದರ್ಶಿ ನಗಲಿಲ್ಲ. ಸ್ಯಾಂಪಲ್ ಬಾಟಲಿಗಳನ್ನು ಜೋಡಿಸುತ್ತಿದ್ದರು.

ಚಂಬಿನ ಹೆಂಗಸು ಮುಂದೆಯೇ ನಿಂತಿದ್ದಳು. ಪೂರ್ತಿ ಕೇಳಿಸಿಕೊಂಡು, ಆಮೇಲೆ ಕೇಳಿದಳು.

"ಅಂಗಾರೆ ನಂದು ಒಟ್ಟು ಎಷ್ಟು ಓಗದೆ, ಯಾರ್‍ಯಾರಿಗೆ ಎಚ್ಚಿಗೆ ಬಂದದೆ ಅಂತ ಆ ಮಿಷನ್ನು ಏಳ್ತದಾ?"

"ಇಲ್ಲಮ್ಮ, ಅದು ಅಳಿಸಿಹೋಗಿದೆ."

"ನನ್ ಚೀಟಿ ಅವೆ" ಎಂದು ಆಕೆ ಸೆರಗಿನ ಗಂಟು ಬಿಚ್ಚಿದಳು.